ಎಂಟು ಸಾಧ್ಯತೆ, ಮೂರು ಅವಕಾಶ

ಇನ್ನು ಮುಂದೆ ನನ್ನ ಅಪ್ಪಣೆಯಿಲ್ಲದೆ ಒಂದು ಇರುವೆಯೂ ನನ್ನ ವೆಬ್‌ಸೈಟಿನೊಳಗೆ ಕಾಲಿಡಕೂಡದೆಂದು ಆ ಬೆಳಿಗ್ಗೆ ಘೋಷಿಸಿದೆ. ಮೂವತ್ತೆಂಟು ವರ್ಷ ರಸಾಯನಶಾಸ್ತ್ರ ಕಲಿಸುತ್ತ ಆಸಿಡ್ ಬಾಟಲಿಗಳ ಕಪಾಟು ಕಾದವಳು ನಾನು. ಒಂದು ವೆಬ್‌ಸೈಟ್ ಕಾಯಲಾರೆನೇ!

ಸಿಟ್ಟಿಗೆ ಕಾರಣವಿತ್ತು. ನನ್ನ ಪಾಠಗಳನ್ನೆಲ್ಲ ಹಾಕಿಟ್ಟಿರುವ ಆ ಸೈಟಿನ ಮೊದಲ ಪುಟದಲ್ಲಿ, ನನ್ನ ಫೋಟೋದ ನೆತ್ತಿಯ ಮೇಲೆ, ದಪ್ಪಕ್ಷರದಲ್ಲಿ ಹೀಗಿತ್ತು: "ಅಗಲಿದ ಹಿರಿಯ ಚೇತನಕ್ಕೆ ಶ್ರದ್ಧಾಂಜಲಿ."

"ರೀ, ಇದನ್ನ ನೋಡಿದ್ರಾ?"

"ಆಗಲೇ ನೋಡ್ದೆ. ಎದೆ ಧಸಕ್ಕಂತು. ಅಷ್ಟರಲ್ಲಿ ನೀನು ಒಳಗಿಂದ ಬೈದೆ, ಸಮಾಧಾನವಾಯ್ತು," ಎಂದರು ಯಜಮಾನರು, ಕನ್ನಡಕ ಒರೆಸುತ್ತ.

ಅಡ್ಮಿನ್ ಪುಟಕ್ಕೆ ಪಾಸ್‌ವರ್ಡ್ ಇರಲಿಲ್ಲ. ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ನುಗ್ಗಿ ಏನು ಬೇಕಾದರೂ ಗೀಚಬಹುದಿತ್ತು. ಯಾವನೋ ನುಗ್ಗಿದ್ದ! ಅದೂ ಎಂಥ ಹಳಸಲು ವಾಕ್ಯ! ನನ್ನನ್ನು ಕೊಲ್ಲುವವನು ಒಳ್ಳೆಯ ಗದ್ಯದಲ್ಲಾದರೂ ಕೊಲ್ಲಬಾರದೇ?

"ಮೊದಲು ಅದನ್ನ ಅಳಿಸಿಬಿಡೇ."

"ಕಳ್ಳ ಒಳಗಿರುವಾಗ ಯಾರಾದ್ರೂ ಕಸ ಗುಡಿಸ್ತಾರೇನ್ರೀ? ಮೊದಲು ಬಾಗಿಲು!"

ಜಿರ್ಕೋನಿಯಂ, ಗೆಡೊಲಿನಿಯಂ, ಲ್ಯುಟೀಷಿಯಂ. ಈ ಮೂರರ ಪರಮಾಣು ತೂಕವನ್ನು ದಶಾಂಶಸಮೇತ ಸಾಲಾಗಿ ಪೋಣಿಸಿ ಪಾಸ್‌ವರ್ಡ್ ಮಾಡಿದೆ. ಮೂರು ಸಲ ತಪ್ಪಿದವರಿಗೆ ಮೂರು ದಿನ ಪ್ರವೇಶವಿಲ್ಲ ಎಂಬ ಶಿಕ್ಷೆಯನ್ನೂ ವಿಧಿಸಿದೆ. ಬರೆದಿಟ್ಟುಕೊಳ್ಳಲಿಲ್ಲ, ಅದು ದಡ್ಡರ ಕೆಲಸ.

ಅಷ್ಟರಲ್ಲಿ ಫೋನು. ವಿಜ್ಞಾನ ಸಂಘದ ಕಾರ್ಯದರ್ಶಿ. ಮುಂದಿನ ವಾರ ಅಲ್ಲಿ ನನ್ನ ಉಪನ್ಯಾಸವಿತ್ತು.

"ವಿಷಯ ತಿಳೀತು. ತುಂಬಲಾರದ ನಷ್ಟ. ತಾವು ಅವರ ಅಕ್ಕನಾ? ದನಿ ಹಾಗೇ ಇದೆ."

"ನಾನೇ ಕಣಯ್ಯಾ!"

"ಅಯ್ಯೋ! ನಾನೇನೋ ನಂಬ್ತೀನಿ ಮೇಡಂ. ಸಮಿತಿಯವರು ನಿಮ್ಮ ವೆಬ್‌ಸೈಟನ್ನ ನಂಬ್ತಾರೆ. ಐದು ಗಂಟೆಗೆ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುತ್ತೆ. ಅಷ್ಟರೊಳಗೆ ಆ ಶ್ರದ್ಧಾಂಜಲಿ ತೆಗೀದಿದ್ರೆ, ಉಪನ್ಯಾಸ ನಿಮ್ಮ ಆ ಹಳೇ ಶಿಷ್ಯನಿಗೆ."

ಯಾವ ಶಿಷ್ಯ? ನಾನು ಎರಡು ಸಲ ಫೇಲ್ ಮಾಡಿದವನು! ಇಪ್ಪತ್ತು ನಿಮಿಷ ಕಿರುಚಿ ಫೋನಿಟ್ಟು ಬಂದರೆ, ಅಡ್ಮಿನ್ ಪುಟ ತಾನಾಗಿ ಮುಚ್ಚಿಕೊಂಡು ಪಾಸ್‌ವರ್ಡ್ ಕೇಳುತ್ತ ಕೂತಿತ್ತು. ಆಗ ಹೊಳೆಯಿತು: ಆ ಮೂರೂ ತೂಕಗಳನ್ನು ಈಚೆಗೆ ಪರಿಷ್ಕರಿಸಿದ್ದಾರೆ! ನಾನು ಹಾಕಿದ್ದು ಹಳೆಯದೋ, ಹೊಸದೋ? ಯಾವುದಕ್ಕೆ ಯಾವುದು? ಸಾಧ್ಯತೆ ಎಂಟು. ನನಗೆ ನಾನೇ ದಯಪಾಲಿಸಿಕೊಂಡ ಅವಕಾಶ ಮೂರು.

ಮೂರೂ ಮುಗಿದವು.

ವೆಬ್‌ಸೈಟ್ ಕಂಪನಿಗೆ ಫೋನು ಮಾಡಿದೆ, ಮಾಡುತ್ತಲೇ ಇದ್ದೆ. ಲೈನು ಸಿಕ್ಕಿದ್ದು ಸಂಜೆ ನಾಲ್ಕೂವರೆಗೆ. ಒಬ್ಬ ಹುಡುಗಿ ಬಲು ಮೃದುವಾಗಿ ಕೇಳಿದಳು: "ಮಾಲೀಕರು ತೀರ್ಕೊಂಡಿದಾರೆ ಅಂತ ಇಲ್ಲೇ ಇದೆಯಲ್ಲ ಮೇಡಂ. ನೀವು ಅವರಿಗೆ ಏನಾಗ್ಬೇಕು?"

"ನಾನೇ ಅವರು!"

"ತುಂಬ ಜನ ಹಾಗೇ ಹೇಳ್ತಾರೆ. ನಿಮ್ಮ ಬೀಗ ಬೇರೆ ಬಹಳ ಕಟ್ಟುನಿಟ್ಟು. ಅರ್ಜಿಯಲ್ಲಿ ಎರಡನೇ ಹೆಸರು ಅವರ ಯಜಮಾನರದು. ಅವರಿದ್ರೆ ಕೊಡಿ."

ಕೊಟ್ಟೆ. ಹಲ್ಲು ಕಡಿಯುತ್ತ ಕೊಟ್ಟೆ.

"ಹೌದಮ್ಮ, ನಾನು ಗಂಡ. ಥ್ಯಾಂಕ್ಸಮ್ಮ. ಹೇಗೋ ತಡ್ಕೊಂಡಿದೀನಿ," ಎಂದು ಈ ಮನುಷ್ಯ ನನ್ನೆದುರೇ ಸಂತಾಪ ಸ್ವೀಕರಿಸಿದರು! ಎರಡು ನಿಮಿಷದಲ್ಲಿ ಅವರ ಮೊಬೈಲಿಗೆ ಹೊಸ ಪಾಸ್‌ವರ್ಡ್ ಬಂತು. ನನ್ನ ಕುರ್ಚಿಯಲ್ಲಿ ಅವರು ಕೂತರು. ಹಿಂದೆ ಕೈಕಟ್ಟಿ ನಾನು ನಿಂತೆ. ಐದಕ್ಕೆ ಹತ್ತು ನಿಮಿಷವಿರುವಾಗ ನನಗೆ ಮರುಜೀವ ಬಂತು.

"ಬರೆದ ಆ ಮೂರ್ಖ ಯಾರು ಅಂತ ನೋಡ್ರೀ. ಪೊಲೀಸರಿಗೇ ಕೊಡ್ತೀನಿ."

ಅವರು ಇನ್ನೊಂದು ಪುಟ ತೆರೆದು ನಿಧಾನವಾಗಿ ಓದಿದರು. "ನಿನ್ನೆ ಮಧ್ಯಾಹ್ನ, ಮೂರು ಗಂಟೆ ಹತ್ತು ನಿಮಿಷ. ಇದೇ ಕಂಪ್ಯೂಟರು. ಅಲ್ವೇ, ನಿನ್ನೆ ಆ ಹೊತ್ತಿಗೆ ನೀನು ತೀರಿಹೋದ ನಿನ್ನ ಲ್ಯಾಬ್ ಗೆಳತಿ ಬಗ್ಗೆ ಏನೋ ಶುರುಮಾಡಿ, ತಲೆಬರಹ ಹಾಕಿ ಎದ್ದುಹೋಗಿರಲಿಲ್ವಾ?"

ಗೆಳತಿಯ ಪುಟವೆಂದುಕೊಂಡು ನನ್ನ ಪುಟದಲ್ಲೇ ಸೇವ್ ಒತ್ತಿದ್ದೆ.

ಅವರು ಕನ್ನಡಕ ತೆಗೆದು ಮತ್ತೆ ಒರೆಸತೊಡಗಿದರು. "ಏನೇ ಹೇಳು, ನಿನ್ನ ಬೀಗ ಗಟ್ಟಿ ಕಣೇ. ಕಳ್ಳನ್ನ ಇಡೀ ದಿನ ಹೊರಗೇ ನಿಲ್ಲಿಸ್ತು!"