ನಲವತ್ತರ ಗೆರೆ

ಚನ್ನಮಲ್ಲಪ್ಪನ ಹೊಸ ಮೋಟರ್ ಬೈಕಿನ ಸ್ಪೀಡೋಮೀಟರಿನ ಗಾಜಿನ ಮೇಲೆ, ನಲವತ್ತು ಎಂಬ ಅಂಕಿಯ ಎದುರಿಗೆ, ಒಂದು ಕೆಂಪು ಗೆರೆ ಇತ್ತು. ಅದನ್ನು ಎಳೆದವನು ಅವನೇ, ಹೆಂಡತಿ ಜಯದೇವಿಯ ಉಗುರುಬಣ್ಣದಿಂದ. ಬೈಕು ಮಾರಿದ ಅಂಗಡಿಯವನು ಕೀ ಕೈಗಿಡುತ್ತಾ, "ಮೊದಲ ಸಾವಿರ ಕಿಲೋಮೀಟರ್ ನಲವತ್ತು ದಾಟಿಸ್ಬೇಡಿ ಸಾರ್. ರನ್ನಿಂಗ್ ಇನ್ ಅಂತಾರೆ ಇದಕ್ಕೆ. ಇಂಜಿನ್ ಪಳಗಬೇಕು. ಆಮೇಲೆ ನೋಡಿ, ಕುದುರೆ!" ಎಂದಿದ್ದ. ಚನ್ನಮಲ್ಲಪ್ಪ ಆ ಮಾತನ್ನು ಸ್ವಾಮಿಗಳು ಕಿವಿಯಲ್ಲಿ ಹೇಳಿದ ಮಂತ್ರದಂತೆ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದ. ಗೆರೆ ಮುಟ್ಟಿಬಿಟ್ಟೀತು ಎಂಬ ಭಯಕ್ಕೆ ಮೂವತ್ತರಲ್ಲೇ ಓಡಿಸುತ್ತಿದ್ದ.

ಅವನು ದಾವಣಗೆರೆ ಕಡೆಯವನು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಬಸವೇಶ್ವರನಗರ ಇನ್ನೂ ಅರ್ಧ ಸೈಟು ಅರ್ಧ ಹೊಲವಾಗಿದ್ದ ಆ ಕಾಲದಲ್ಲಿ ಅಕ್ಕಯ್ಯಮ್ಮ ಎಂಬ ಮುದುಕಿಯ ಮನೆಯ ಒಂದು ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ. ಬೆಳಿಗ್ಗೆ ಎದ್ದವನು ಕಾಫಿಗಿಂತ ಮೊದಲು ಬೈಕಿನ ಮುಂದೆ ಕೂರುತ್ತಿದ್ದ. ಸ್ಪಾರ್ಕ್ ಪ್ಲಗ್ ಬಿಚ್ಚಿ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜುವುದು, ಚೈನು ಜೋಲು ಬಿದ್ದಿದೆಯೇ ಎಂದು ಬೆರಳಿನಿಂದ ಎತ್ತಿ ನೋಡುವುದು, ಸ್ಪೋಕುಗಳನ್ನು ಚಮಚದಿಂದ ಟಿಣ್ ಟಿಣ್ ಎಂದು ಬಡಿದು ಕಿವಿಗೊಡುವುದು. "ತಂಬೂರಿ ಶ್ರುತಿ ಮಾಡೋದಾಯ್ತಾ?" ಎಂದು ಜಯದೇವಿ ಒಳಗಿನಿಂದ ಕೇಳುತ್ತಿದ್ದಳು.

ಹಿಂದಿನ ಮಡ್‌ಗಾರ್ಡಿನ ಮೇಲೆ ಪೇಂಟರನ್ನು ಹಿಡಿದು, "ರನ್ನಿಂಗ್ ಇನ್, ದಯವಿಟ್ಟು ಮುಂದೆ ಹೋಗಿ" ಎಂದು ಬರೆಸಿದ್ದ. ಪಕ್ಕದ ಮನೆಯ ಮುನಿರಾಜು ಅದನ್ನು ಓದಿ, "ಏನ್ ಸಾರ್, ಭಿಕ್ಷೆಯೋರಿಗೆ ಹೇಳ್ದಂಗೆ ಬರ್ಸಿದೀರಾ!" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕಿದ್ದ. ಮುನಿರಾಜುವಿಗೆ ಕುರುಬರಹಳ್ಳಿಯಲ್ಲಿ ಮೊಳೆ, ಬಾಗಿಲ ಚಿಲಕ ಮಾರುವ ಅಂಗಡಿ ಇತ್ತು. ಅಲ್ಲಿಗಿಂತ ಹೆಚ್ಚು ಹೊತ್ತು ಅವನು ಈ ಬೀದಿಯಲ್ಲೇ ಇರುತ್ತಿದ್ದ. ಯಾರ ಮನೆಯ ಯಾವ ಕೆಲಸವಿದ್ದರೂ ಅವನ ಅಭಿಪ್ರಾಯ ಮೊದಲು ಬರುತ್ತಿತ್ತು.

ರನ್ನಿಂಗ್ ಇನ್‌ನಿಂದ ಚನ್ನಮಲ್ಲಪ್ಪನಿಗೆ ಒಂದು ಅನುಕೂಲವೂ ಇತ್ತು. ಯಾರಾದರೂ "ಮೆಜೆಸ್ಟಿಕ್ ತನಕ ಬಿಡ್ತೀರಾ ಸಾರ್?" ಎಂದರೆ, "ರನ್ನಿಂಗ್ ಇನ್ ಕಣ್ರೀ. ಡಬಲ್ಸ್ ಕೂರಿಸಿದ್ರೆ ಇಂಜಿನ್ ಹೋಗುತ್ತೆ" ಎಂದುಬಿಡುತ್ತಿದ್ದ. ಜಯದೇವಿಯನ್ನು ಕೂಡ ಹಿಂದೆ ಕೂರಿಸಿರಲಿಲ್ಲ. ಅವಳಿಗೆ ಅವನು ಕೊಟ್ಟಿದ್ದ ಭರವಸೆಯೇ ಬೇರೆ. ಸಾವಿರ ಮುಗಿದ ಮರುದಿನವೇ ಹಂಪಿ! ಬೆಳಕು ಹರಿಯುವಾಗ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಚಿತ್ರದುರ್ಗ, ಸಂಜೆ ಕಾಫಿಗೆ ಹೊಸಪೇಟೆಯ ಅವಳ ಅಕ್ಕನ ಮನೆ. ಇದಕ್ಕಾಗಿ ಕ್ಯಾನ್ವಾಸಿನ ಎರಡು ಸೈಡ್ ಬ್ಯಾಗು, ರೋಡ್ ಮ್ಯಾಪು, ಒಂದು ಜೊತೆ ಗಾಗಲ್ಸು ತಂದಿಟ್ಟಿದ್ದ. ಕಚೇರಿಯ ಕ್ಯಾಂಟೀನಿನಲ್ಲಿ ಎರಡೂ ಕೈ ಮುಂದೆ ಚಾಚಿ, "ಶಿರಾ ದಾಟಿದ ಮೇಲೆ ರೋಡು ಹೀಗೆ ನೆಟ್ಟಗೆ. ಅಲ್ಲಿ ಎಂಬತ್ತು, ತೊಂಬತ್ತು. ಮರಗಳೆಲ್ಲ ಸರ್ರ್ ಅಂತ ಹಿಂದಕ್ಕೆ!" ಎಂದು ಹೇಳುವಾಗ ಎದುರಿಗಿದ್ದವರು ಟೀ ಲೋಟ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಎರಡನೇ ಶನಿವಾರ ಬಂತು. ಮರುದಿನದಿಂದ ರಜೆ ಮಂಜೂರಾಗಿತ್ತು. ಸಾವಿರಕ್ಕೆ ಇನ್ನು ಇಪ್ಪತ್ತೈದೇ ಕಿಲೋಮೀಟರ್ ಬಾಕಿ. ಕೆಂಗೇರಿಗೆ ಹೋಗಿ ಬಂದರೆ ಸರಿಯಾಗಿ ಮುಗಿಯುತ್ತದೆ ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ಹಿಂದಿನ ಸಂಜೆ ಮುನಿರಾಜುವಿನ ಎದುರು ಹೇಳಿದ್ದೇ ತಪ್ಪಾಯಿತು. ಬೆಳಿಗ್ಗೆ ಬೈಕು ಹೊರಗೆ ತಳ್ಳಿದಾಗ ಗೇಟಿನಲ್ಲಿ ಅಕ್ಕಯ್ಯಮ್ಮ ನಿಂತಿದ್ದಳು. ಒಂದು ಕಂಕುಳಲ್ಲಿ ಅವರೆಕಾಯಿಯ ಚೀಲ, ಇನ್ನೊಂದು ಕೈಯಲ್ಲಿ ಮುಚ್ಚಿದ ಬುಟ್ಟಿ. ಬುಟ್ಟಿಯೊಳಗೆ ಏನೋ ಗೊಣಗುತ್ತಿತ್ತು.

"ಕೆಂಗೇರಿಗೆ ಸುಮ್ನೆ ಓಗಿ ಸುಮ್ನೆ ಬರ್ತೀಯಂತಲ್ಲಪ್ಪಾ? ಸುಮ್ನೆ ಯಾಕೆ? ನನ್ ಮಗಳ ಮನೆ ಅಲ್ಲೇ ಐತೆ. ನಡಿ."

"ಅಮ್ಮಾ, ರನ್ನಿಂಗ್ ಇನ್ನು... ಡಬಲ್ಸ್ ಕೂರಿಸಿದ್ರೆ..."

"ಇಪ್ಪತ್ತೈದರಲ್ಲಿ ಏನ್ ಆಗುತ್ತೆ ಬಿಡಿ ಸಾರ್," ಎಂದ ಮುನಿರಾಜು ಕಾಂಪೌಂಡಿನ ಆಚೆಯಿಂದ. "ವಯಸ್ಸಾದೋರು."

ಮನೆ ಅವಳದು, ನೀರಿನ ನಲ್ಲಿ ಅವಳದು. ಚನ್ನಮಲ್ಲಪ್ಪ ಹಿಂದಿನ ಸೀಟು ಒರೆಸಿದ. "ಬುಟ್ಟೀಲಿ ಏನಮ್ಮಾ?" ಎಂದು ಮಾತ್ರ ಕೇಳಿದ.

"ಕೋಳಿ. ಬಾಣಂತಿ ಅವಳೆ ನನ್ ಮಗಳು."

ಈರುಳ್ಳಿ ಬೆಳ್ಳುಳ್ಳಿಗೂ ಸೋಮವಾರ ರಜೆ ಕೊಡುವ ಮನೆತನದ ಚನ್ನಮಲ್ಲಪ್ಪ ಕಣ್ಣು ಮುಚ್ಚಿ ಕಿಕ್ಕರ್ ಒದ್ದ.

ಹಿಂದೆ ಭಾರವಿದ್ದಾಗ ಇಪ್ಪತ್ತರಲ್ಲೇ ಹೋಗುವುದು ಕ್ಷೇಮವೆಂದು ದಾರಿಯಲ್ಲಿ ಅವನಿಗೆ ತೋರಿತು. ಹೊಸಹಳ್ಳಿ ದಾಟುವಷ್ಟರಲ್ಲಿ ಹಾಲಿನ ಕ್ಯಾನು ಕಟ್ಟಿದ್ದ ಸೈಕಲ್ಲೊಂದು ಅವರನ್ನು ಹಿಂದೆ ಹಾಕಿತು. ಹಾಲಿನವನು ಹಿಂತಿರುಗಿ, "ಅಜ್ಜೀ, ಚೆನ್ನಾಗಿದೀಯಾ?" ಎಂದು ಮಾತಾಡಿಸಿಕೊಂಡೇ ಮುಂದೆ ಹೋದ. ಮೈಸೂರು ರೋಡಿನಲ್ಲಿ ಒಂದು ಬಸ್ಸು ಪಕ್ಕಕ್ಕೆ ಬಂದಾಗ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು ಬಗ್ಗಿ, "ಸಾರ್, ತಳ್ಳೋಕೆ ಜನ ಬೇಕಾ?" ಎಂದ. ಬಸ್ಸಿನ ಕಿಟಕಿಗಳೆಲ್ಲ ನಕ್ಕವು. ಬುಟ್ಟಿಯ ಸಂದಿನಿಂದ ಕತ್ತು ಹೊರಗೆ ಹಾಕಿದ ಕೋಳಿ ಚನ್ನಮಲ್ಲಪ್ಪನ ಕಿವಿಯ ಹತ್ತಿರ ಬಂದು ತನ್ನ ಅಭಿಪ್ರಾಯವನ್ನೂ ಹೇಳಿತು.

"ನಡ್ಕೊಂಡು ಬಂದಿದ್ರೆ ಇಷ್ಟೊತ್ಗೆ ಮುದ್ದೆ ಉಂಡಿರ್ತಿದ್ದೆ," ಎಂದಳು ಅಕ್ಕಯ್ಯಮ್ಮ. "ಈ ಗಾಡಿಗೆ ಏನು ಕಾಯಿಲೆನಪ್ಪಾ?"

"ಕಾಯಿಲೆ ಅಲ್ಲಮ್ಮಾ. ಪಳಗ್ತಾ ಇದೆ. ನಾಳೆ ನೋಡಿ, ಗಾಳಿ!" ಎಂದ ಚನ್ನಮಲ್ಲಪ್ಪ ಹಲ್ಲು ಕಚ್ಚಿಕೊಂಡು.

ಕೆಂಗೇರಿಯಲ್ಲಿ ಅಕ್ಕಯ್ಯಮ್ಮನ ಅಳಿಯ ಚಿಕ್ಕಣ್ಣ ಬೈಕನ್ನು ನೋಡಿದ ಕೂಡಲೇ ಮಾವನ ಮನೆಯ ಹೊಸ ಎತ್ತನ್ನು ನೋಡಿದವನಂತೆ ಸುತ್ತು ಬಂದು ಬೆನ್ನು ತಟ್ಟಿದ. ಲಾರಿ ಓಡಿಸಿ ಬೆಳೆದವನು. "ಊಟ ಮಾಡದೆ ಹೋಗಂಗಿಲ್ಲ ಸಾರ್. ನಿಮ್ಗೆ ಬೇರೆ ಪಾತ್ರೇಲಿ ಸೊಪ್ಪಿನ ಸಾರು ಮಾಡಿಸ್ತೀನಿ," ಎಂದು ಒಳಗೆ ಕೂರಿಸಿದ. ಒಂದು ಮುದ್ದೆ ಮುಗಿಯಿತು. ಅವನು ಬೇಡವೆಂದರೂ ಅಕ್ಕಯ್ಯಮ್ಮ ಇನ್ನೊಂದು ಇಟ್ಟಳು. ಅದರ ಮಧ್ಯಕ್ಕೆ ಬರುವಾಗ ಹೊರಗೆ ಬೈಕು ಸ್ಟಾರ್ಟ್ ಆಯಿತು.

ಚನ್ನಮಲ್ಲಪ್ಪನ ಕೈ ಬಾಯಿಯ ಹತ್ತಿರ ನಿಂತಿತು. ಕೀ ಗಾಡಿಯಲ್ಲೇ ಬಿಟ್ಟಿದ್ದ. ಸದ್ದು ಎರಡನೇ ಗೇರಿಗೆ ಏರಿತು, ಮೂರಕ್ಕೆ ಏರಿತು, ಆಮೇಲೆ ಅವನು ತನ್ನ ಬೈಕಿನಿಂದ ಎಂದೂ ಕೇಳಿರದ ಒಂದು ಗರ್ಜನೆ ಬಿಡದಿಯ ಕಡೆಗೆ ಹೋಗಿ ಕರಗಿತು.

"ಎಲ್ಲಿಗೂ ಓಗಲ್ಲ, ಬತ್ತಾನೆ ಬಿಡು," ಎಂದಳು ಅಕ್ಕಯ್ಯಮ್ಮ. "ಉಣ್ಣು."

ಚಿಕ್ಕಣ್ಣ ಬಂದಾಗ ಕೂದಲೆಲ್ಲ ನೆಟ್ಟಗೆ ನಿಂತಿತ್ತು, ಮುಖ ಹೊಳೆಯುತ್ತಿತ್ತು. "ಎಂಬತ್ತೈದು ಸಾರ್! ಬೆಣ್ಣೆ! ಇಟ್ಕೊಂಡು ಯಾಕೆ ಸಾರ್ ಇಪ್ಪತ್ತರಲ್ಲಿ ಬರ್ತೀರಾ? ನೋಡಿ, ನಿಮ್ಮ ಸಾವಿರಾನೂ ಮುಗಿಸ್ಕೊಟ್ಟಿದೀನಿ. ಪೆಟ್ರೋಲು ಕಮ್ಮಿ ಇತ್ತು, ಅದೂ ಹಾಕ್ಸಿದೀನಿ."

ಚನ್ನಮಲ್ಲಪ್ಪ ಮೀಟರು ನೋಡಿದ. ಸಾವಿರ ದಾಟಿತ್ತು. ಇಷ್ಟು ತಿಂಗಳು ಕಾದಿದ್ದ ಆ ಗಳಿಗೆಯನ್ನು, ಒಂದೊಂದಾಗಿ ಸೊನ್ನೆಗಳು ತಿರುಗಿ ಬರುವುದನ್ನು, ಬೇರೆಯವನು ನೋಡಿ ಬಂದಿದ್ದ. ತಾನೇ ಹೊತ್ತು ಬೆಳೆಸಿದ ಮಗು ಎದುರು ಮನೆಯವರ ಅಂಗಳದಲ್ಲಿ ಮೊದಲ ಹೆಜ್ಜೆ ಇಟ್ಟ ಹಾಗಾಯಿತು. ಕೈ ತೊಳೆದುಕೊಂಡು ಹೊರಟ. ಹಿಂದೆ ಅಕ್ಕಯ್ಯಮ್ಮ ಕೂತಳು, ಈ ಸಲ ಮಡಿಲಲ್ಲಿ ಒಂದು ಕುಂಬಳಕಾಯಿ.

ಜ್ಞಾನಭಾರತಿಯ ಹತ್ತಿರದ ಏರಿನಲ್ಲಿ ಇಂಜಿನ್ನು ಕಿರ್ರೆಂದು ಕಿರುಚಿ, ಗಂಟಲಿಗೆ ಏನೋ ಸಿಕ್ಕಿಕೊಂಡಂತೆ ನಿಂತುಬಿಟ್ಟಿತು. ಚನ್ನಮಲ್ಲಪ್ಪ ಕಿಕ್ಕರ್ ಮೇಲೆ ನಿಂತು ಒದ್ದ. ಅದು ಬಂಡೆಯಂತೆ ಅಲುಗಲಿಲ್ಲ. ಅನುಮಾನ ಬಂದು ಟ್ಯಾಂಕಿನ ಮುಚ್ಚಳ ತೆಗೆದ. ಈ ಬೈಕಿನ ಪೆಟ್ರೋಲಿಗೆ ಪ್ರತಿ ಸಲವೂ ಆಯಿಲ್ ಬೆರೆಸಲೇಬೇಕು, ಇಲ್ಲದಿದ್ದರೆ ಇಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಒಳಗಿದ್ದದ್ದು ತಿಳಿನೀರಿನ ಹಾಗಿತ್ತು.

"ಅಮ್ಮಾ, ನಿಮ್ಮ ಅಳಿಯ ಆಯಿಲ್ಲೇ ಹಾಕಿಸಿಲ್ಲ!"

"ಅವನು ಶುದ್ಧವಾದ್ದೇ ಹಾಕ್ಸೋದು. ಬೆರಕೆ ಕಂಡ್ರೆ ಆಗಕಿಲ್ಲ ಅವನಿಗೆ," ಎಂದಳು ಅಕ್ಕಯ್ಯಮ್ಮ ಹೆಮ್ಮೆಯಿಂದ. ಅಷ್ಟರಲ್ಲಿ ಬಸ್ಸೊಂದು ಬಂತು. ಅವಳು ಕುಂಬಳಕಾಯಿ ಎತ್ತಿ ಕೈಯಾಡಿಸಿ ಅದನ್ನು ನಿಲ್ಲಿಸಿ ಹತ್ತಿದಳು. "ಗಾಡಿ ಸತ್ತೋಯ್ತು ಅಂತ ಮನೇಲಿ ಹೇಳಿರ್ತೀನಿ ಕಣಪ್ಪಾ!"

ಚನ್ನಮಲ್ಲಪ್ಪ ಹುಣಸೆ ಮರದ ನೆರಳಿಗೆ ಬೈಕು ತಳ್ಳಿ, ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಹಂಪಿ, ಚಿತ್ರದುರ್ಗ, ಶಿರಾದ ನೆಟ್ಟನೆಯ ರಸ್ತೆ ಎಲ್ಲವೂ ಆ ಬಿಸಿ ಇಂಜಿನ್ನಿನ ಜೊತೆ ಟಿಕ್ ಟಿಕ್ ಎಂದು ತಣ್ಣಗಾಗುತ್ತಿದ್ದವು. ಬಹಳ ಹೊತ್ತಿನ ಮೇಲೆ ಸುಮ್ಮನೆ ಕೈಯಿಂದ ಕಿಕ್ಕರ್ ಒತ್ತಿ ನೋಡಿದ. ಅಲುಗಿತು! ಟೂಲ್ ಬಾಕ್ಸಿನಲ್ಲಿ ಹಳೆಯ ಟಾನಿಕ್ ಬಾಟಲಿಯ ತುಂಬ ಆಯಿಲ್ ಇಟ್ಟುಕೊಂಡಿದ್ದ. ಅದನ್ನು ಟ್ಯಾಂಕಿಗೆ ಸುರಿದು, ಬೈಕನ್ನು ಆಚೆ ಈಚೆ ತೊಟ್ಟಿಲಿನಂತೆ ತೂಗಿ ಬೆರೆಸಿ, ಒದ್ದ. ಒಂದೇ ಏಟಿಗೆ ಸ್ಟಾರ್ಟ್. ಪ್ಲಗ್ಗಿನ ಹತ್ತಿರ ಕಿವಿ ಕೊಟ್ಟು ಕೇಳಿದ. ಎಲ್ಲೂ ಅಪಸ್ವರವಿಲ್ಲ. ಸ್ವಲ್ಪ ಕಾದಿತ್ತು, ತಣ್ಣಗಾಗಿ ಬಿಟ್ಟುಕೊಂಡಿತ್ತು, ಅಷ್ಟೇ.

ಆಗ ಅವನಿಗೆ ಹೊಳೆಯಿತು. ಸಾವಿರ ಮುಗಿದಿದೆ. ಹಿಂದೆ ಯಾರೂ ಇಲ್ಲ. ಮುಂದೆ ರಸ್ತೆ ಖಾಲಿ.

ಎದೆ ಉಬ್ಬಿಸಿ ಆಕ್ಸಿಲರೇಟರ್ ತಿರುಗಿಸಿದ. ಮುಳ್ಳು ಗೆರೆ ದಾಟಿತು. ನಲವತ್ತೈದರಲ್ಲಿ ಗಾಳಿ ಅಂಗಿಯೊಳಗೆ ನುಗ್ಗಿ ಅವನನ್ನು ದಿಂಬಿನಂತೆ ಊದಿಸಿತು. ಐವತ್ತರಲ್ಲಿ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯತೊಡಗಿತು. ಐವತ್ತೈದರಲ್ಲಿ ದೂರದಲ್ಲೆಲ್ಲೋ ರಸ್ತೆ ದಾಟುತ್ತಿದ್ದ ಎಮ್ಮೆಯೊಂದು ಕಣ್ಣು ಮಿಟುಕಿಸುವುದರೊಳಗೆ ಮೂಗಿನ ಮುಂದೆ ಬಂದು, ಬಾಲ ಬೀಸಿ, ಹಿಂದೆ ಹೋಯಿತು. ಅರವತ್ತು ಮುಟ್ಟುವ ಹೊತ್ತಿಗೆ ಯಾರೋ "ಶಿವಾ ಶಿವಾ ಶಿವಾ" ಎಂದು ಕೂಗುತ್ತಿರುವುದು ಕೇಳಿಸಿತು. ಅದು ತಾನೇ ಎಂದು ಗೊತ್ತಾಗಲು ಅವನಿಗೆ ಸ್ವಲ್ಪ ಸಮಯ ಹಿಡಿಯಿತು. ಮೊಣಕಾಲುಗಳು ಟ್ಯಾಂಕನ್ನು ಅಡಕೊತ್ತಿನಂತೆ ಹಿಡಿದಿದ್ದವು. ಕೈ ತಾನಾಗಿಯೇ ಸಡಿಲವಾಯಿತು.

ಮೂವತ್ತಕ್ಕೆ ಇಳಿದ ಮೇಲೆ ಅವನ ಉಸಿರು ವಾಪಸು ಬಂತು. ಇಂಜಿನ್ನು ಇಂಪಾಗಿ ಹಾಡುತ್ತಿತ್ತು, ಬೇಲಿಯ ಹೂವು ಕಾಣುತ್ತಿತ್ತು, ಬದುಕು ಎಷ್ಟು ಚೆನ್ನಾಗಿದೆ ಎನ್ನಿಸಿತು. ಇಷ್ಟು ತಿಂಗಳು ಕ್ಯಾಂಟೀನಿನಲ್ಲಿ ತೊಂಬತ್ತರಲ್ಲಿ ಓಡಾಡಿದ ಮನುಷ್ಯನಿಗೆ ಮೈಸೂರು ರೋಡಿನಲ್ಲಿ ಮೂವತ್ತೇ ಸಾಕು ಎಂಬುದು ಇನ್ನೊಂದು ಜೀವಕ್ಕೆ ತಿಳಿಯಬಾರದೆಂದು ನಾಯಂಡಹಳ್ಳಿಯ ಹತ್ತಿರ ನಿರ್ಧರಿಸಿದ.

ಮನೆಯ ಮುಂದೆ ಸಾವಿನ ಮನೆಯ ಮುಂದೆ ಸೇರುವಷ್ಟು ಜನ ಸೇರಿದ್ದರು. ಅಕ್ಕಯ್ಯಮ್ಮ ಮೆಟ್ಟಿಲ ಮೇಲೆ ಕೂತು, ಬೈಕು ಹೇಗೆ ಕಿರುಚಿ ಪ್ರಾಣ ಬಿಟ್ಟಿತೆಂದು ಅಭಿನಯಿಸಿ ತೋರಿಸುತ್ತಿದ್ದಳು. ಸತ್ತದ್ದೇ ತಿರುವಿನಲ್ಲಿ ಸದ್ದು ಮಾಡುತ್ತಾ ಬಂದದ್ದು ಕಂಡು ಎಲ್ಲರೂ ಎದ್ದರು.

"ಬಂತಲ್ಲ ಸಾರ್ ಕುದುರೆ!" ಎಂದು ಮುನಿರಾಜು ಓಡಿ ಬಂದು ಮೀಟರಿನ ಮೇಲೆ ಬಗ್ಗಿದ. "ಸಾವಿರ ಆಗೋಗಿದೆ! ಚಿಕ್ಕಣ್ಣ ಎಂಬತ್ತೈದು ಹೊಡ್ದನಂತೆ. ಎಲ್ಲಿ, ಓನರ್ ನೀವು, ಈ ರೋಡಲ್ಲಿ ಒಂದು ತೊಂಬತ್ತು ಹೊಡ್ದು ತೋರ್ಸಿ ಮತ್ತೆ!"

"ಹೂಂ, ಹೊಡೀರಿ ಸಾರ್!" ಎಂದಿತು ಬೀದಿ. ದಾರಿ ಬಿಟ್ಟು ಎರಡೂ ಕಡೆ ನಿಂತಿತು. ಬಾಗಿಲಲ್ಲಿ ಜಯದೇವಿ, ನಾಳೆ ಕಟ್ಟಿಕೊಳ್ಳಲೆಂದು ತಂದಿದ್ದ ಸ್ಕಾರ್ಫನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

ಚನ್ನಮಲ್ಲಪ್ಪ ಮೀಟರಿನ ಮೇಲೆ ಅಂಗೈ ಮುಚ್ಚಿದ. "ಇಲ್ಲ... ದಾರೀಲಿ ಮೆಕ್ಯಾನಿಕ್ ನೋಡ್ದ. ಪಿಸ್ಟನ್ ಹಿಡ್ಕೊಂಡಿತ್ತಂತೆ. ಒಳಗೆ ಏನೇನೋ ಬದಲಾಯ್ಸಿದ. ಮತ್ತೆ ಮೊದಲಿಂದ ರನ್ನಿಂಗ್ ಇನ್ ಆಗ್ಬೇಕಂತೆ."

"ಅಯ್ಯೋ ಪಾಪ! ಮತ್ತೆ ಸಾವಿರಾನಾ?"

ಸಾವಿರ ಬೇಗ ಮುಗಿದುಹೋಗುತ್ತದೆ ಎಂಬುದು ಅವನಿಗೆ ಇವತ್ತಷ್ಟೇ ಗೊತ್ತಾಗಿತ್ತು. "ಈ ಸಲ ಎರಡು ಸಾವಿರ ಅಂದ," ಎಂದುಬಿಟ್ಟ.

ಜನ ಚ್ಚು ಚ್ಚು ಎಂದಿತು. ಜಯದೇವಿ ಹತ್ತಿರ ಬಂದು ಗಂಡನ ಮುಖವನ್ನು, ಕೆಂಪಗಾಗಿದ್ದ ಕಣ್ಣುಗಳನ್ನು, ಅಲ್ಲಿಂದ ಕಿವಿಯವರೆಗೆ ಧೂಳಿನಲ್ಲಿ ಗೀಚಿದಂತಿದ್ದ ಒದ್ದೆ ಗೆರೆಗಳನ್ನು ನೋಡಿದಳು. "ಹಂಪಿಗೆ ಬಸ್ಸಿನಾಗೇ ಹೋಗೋಣ ಬಿಡ್ರಿ," ಎಂದಳು ಮೆಲ್ಲಗೆ. "ಕಿಟಕಿ ಪಕ್ಕ ನಾನೇ ಕೂತ್ಕೋತೀನಿ."

ಚನ್ನಮಲ್ಲಪ್ಪನಿಗೆ ಜೀವ ಬಂದಂತಾಯಿತು. ಎಲ್ಲ ಸುಸೂತ್ರವಾಗಿ ಮುಗಿಯಿತೆಂದು ಬೈಕನ್ನು ಒಳಗೆ ತಳ್ಳತೊಡಗಿದ. ಆಗ ಅಕ್ಕಯ್ಯಮ್ಮ ಮೆಟ್ಟಿಲ ಮೇಲಿಂದಲೇ ಕೇಳಿದಳು:

"ಮುನಿರಾಜು, ಕೆಂಗೇರಿಗೆ ಓಗಿ ಬಂದ್ರೆ ಎಷ್ಟಾಗುತ್ಲಾ?"

"ಇಪ್ಪತ್ತೈದು ಅಕ್ಕಯ್ಯಮ್ಮ."

"ಎರಡು ಸಾವಿರಕ್ಕೆ?"

ಮುನಿರಾಜು ಆಕಾಶ ನೋಡಿ ಬೆರಳು ಮಡಿಚಿದ. "ಎಂಬತ್ತು ಸಲ."

ಅಕ್ಕಯ್ಯಮ್ಮನ ಮುಖದಲ್ಲಿ ಬೆಳದಿಂಗಳು ಮೂಡಿತು. "ಡಬಲ್ಸ್ ಕೂತ್ರೆ ಏನೂ ಆಗಕಿಲ್ಲ ಅಂತ ಇವತ್ತು ನೋಡೇಬಿಟ್ವಲ್ಲಪ್ಪಾ. ಸುಮ್ ಸುಮ್ನೆ ಯಾಕೆ ಒಬ್ಬನೇ ಸುತ್ತಬೇಕು ನೀನು? ಹಂಪಿಯಿಂದ ಬಾ. ಬರೋ ಶನಿವಾರಕ್ಕೆ ಒಂದು ರಾಗಿ ಮೂಟೆ ಕಟ್ಟಿರ್ತೀನಿ."