ಕೋಲಜ್ಜನ ಗೆಲುವು

ಇಷ್ಟಕ್ಕೆಲ್ಲ ಕಾರಣ ಒಂದು ಖಾಲಿ ಸ್ಟೂಲು.

ಮಿಕ್ಸಿ, ಟೀವಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷ ಕೂತಿದ್ದ ಹಿರಿಯ ಮೆಕ್ಯಾನಿಕ್ ಕೆಲಸ ಬಿಟ್ಟು ಮನೆಗೆ ಹೋದರು. ಅವರ ಸ್ಟೂಲು ಖಾಲಿಯಾಯಿತು. ಅದರ ಮೇಲೆ ಎಲ್ಲರಿಗಿಂತ ಮೊದಲು ಕಣ್ಣು ಬಿದ್ದದ್ದು ಮುಂದಿನ ದೂರು ಕೌಂಟರಿನ ಹೂಂಗುಟ್ಟಣ್ಣನದು. ಯಾರು ಎಷ್ಟು ಬೈದರೂ "ಹೂಂ" ಎನ್ನುತ್ತಿದ್ದುದಕ್ಕೆ ಅಂಗಡಿಯವರೇ ಇಟ್ಟ ಹೆಸರು ಅದು. ಪಾಪ, ಸ್ಕ್ರೂಡ್ರೈವರ್ ಹಿಡಿಯಬೇಕೆಂದು ಕೆಲಸಕ್ಕೆ ಸೇರಿದವನು ಎಂಟು ವರ್ಷದಿಂದ ದೂರು ಬರೆಯುವ ಪೆನ್ನು ಹಿಡಿದಿದ್ದ. ಮಿಕ್ಸಿ ಮತ್ತೆ ಕೆಟ್ಟರೆ ಜನ ಬೈಯುವುದು ರಿಪೇರಿ ಮಾಡಿದವನನ್ನಲ್ಲ, ಎದುರಿಗೆ ಸಿಕ್ಕವನನ್ನು. ಫ್ಯಾನು ಕೂಡ ಗಿರಾಕಿಗಳ ಕಡೆಗೇ ತಿರುಗಿತ್ತು.

ಸ್ಟೂಲು ಬೇಕೆಂದು ಕೇಳಿದವರು ಇಬ್ಬರು. ಇನ್ನೊಬ್ಬ ಅಂಗಡಿಯ ವ್ಯಾನು ಓಡಿಸುವ ಭಾಮೈದ, ಹೂಂಗುಟ್ಟಣ್ಣನ ಹೆಂಡತಿಯ ಖಾಸಾ ತಮ್ಮ.

ಬೆಳಿಗ್ಗೆ ಯಜಮಾನರು ಇಬ್ಬರನ್ನೂ ಕರೆದರು. ಗೋಡೆಯ ಟೀವಿಯ ಕೆಳಗೆ ಗುದ್ದಾಟದ ಒಂದು ವಿಡಿಯೋ ಗೇಮ್ ಯಂತ್ರವಿತ್ತು. ಯಾರೋ ರಿಪೇರಿಗೆ ಕೊಟ್ಟು ಮರೆತದ್ದು. ಚಹಾದ ಹೊತ್ತಿಗೆ ಎಲ್ಲರೂ ಅದರಲ್ಲಿ ಹೊಡೆದಾಡುತ್ತಿದ್ದರು.

"ಸಂಜೆ ನೀವಿಬ್ರೂ ಆಡಿ. ಮೂರು ಸುತ್ತು. ನಾನು ನೋಡಿ ತೀರ್ಮಾನ ಮಾಡ್ತೀನಿ. ಮನುಷ್ಯ ಎಂಥೋನು ಅಂತ ಗುದ್ದಾಟದಲ್ಲಿ ಗೊತ್ತಾಗುತ್ತೆ" ಎಂದರು.

"ಅಂದ್ರೆ ಗೆದ್ದೋನಿಗೆ ಸ್ಟೂಲು! ಭಾವ, ಬೇಜಾರು ಮಾಡ್ಕೋಬೇಡಿ, ಅಕ್ಕನಿಗೆ ನಾನೇ ಸಮಾಧಾನ ಹೇಳ್ತೀನಿ" ಎಂದು ಭಾಮೈದ ವ್ಯಾನಿನ ಕೀಲಿ ತಿರುಗಿಸುತ್ತ ಹೋದ.

ಹೂಂಗುಟ್ಟಣ್ಣನಿಗೆ ಆಟ ಬಾರದು. ಮಧ್ಯಾಹ್ನ ಮೋಟರಿಗೆ ತಂತಿ ಸುತ್ತುವ ಮಾವ ಪಾಠಕ್ಕೆ ಕೂತರು. ಅವರು ಯಾರಿಗೂ ಸ್ವಂತ ಮಾವನಲ್ಲ. ಆದರೂ ಎಲ್ಲರೂ ಅವರಿಗೆ ಅಳಿಯಂದಿರೇ. ಟೀವಿಯಲ್ಲಿ ಸಾಲಾಗಿ ನಿಂತ ಜಟ್ಟಿಗಳನ್ನು ಬೆರಳಿಟ್ಟು ತೋರಿಸಿದರು.

"ನೋಡಳಿಯ, ಇವನು ಗೂಳಿ. ಮೈತುಂಬ ಮಾಂಸ, ತಲೆತುಂಬ ಗಾಳಿ. ಇವಳು ಬೆಂಕಿರಾಣಿ, ದೂರದಿಂದ ಉಂಡೆ ಎಸೀತಾಳೆ. ಆ ಮೂಲೇಲಿರೋನು ಕೋಲಜ್ಜ, ಅವನನ್ನ ಯಾರೂ ಮುಟ್ಟಲ್ಲ. ನೀನು ಗೂಳಿ ತಗೋ. ಯೋಚನೆ ಮಾಡ್ಬೇಡ, ಗುದ್ದು!"

ಹೂಂಗುಟ್ಟಣ್ಣ ಗುದ್ದಿದ. ಬಟ್ಟೆ ಒಗೆಯುವವನ ಹಾಗೆ ಎಲ್ಲ ಗುಂಡಿಗಳನ್ನೂ ಕುಕ್ಕಿದ. ಗೂಳಿ ಓಡಿಹೋಗಿ ಗೋಡೆಗೆ ಹಾಯ್ದು ಬಿದ್ದಿತು.

"ನಿನ್ನೊಳಗೆ ಸಿಟ್ಟೇ ಇಲ್ವಲ್ಲೋ! ಸಿಟ್ಟು ತಂದ್ಕೋ!"

ಅಷ್ಟರಲ್ಲಿ ಕೌಂಟರಿಗೆ ಒಬ್ಬ ಗಿರಾಕಿ ಬಂದು, "ಏನ್ರೀ, ನಿಮ್ಮ ಇಸ್ತ್ರಿಪೆಟ್ಟಿಗೆ..." ಎಂದು ಶುರುಮಾಡಿದ. ಹೂಂಗುಟ್ಟಣ್ಣ ಅಭ್ಯಾಸವಾಗಲಿ ಎಂದು ಟೇಬಲ್ಲಿಗೆ ಒಂದು ಗುದ್ದಿ, "ಏನೀಗ?" ಎಂದು ಗುಡುಗಿದ. ಗಿರಾಕಿ ಇಸ್ತ್ರಿಪೆಟ್ಟಿಗೆಯನ್ನು ಎದೆಗವಚಿಕೊಂಡು, ಚಪ್ಪಲಿ ಒಂದನ್ನು ಅಲ್ಲೇ ಬಿಟ್ಟು ಓಡಿದ. ತಿರುಗಿ ನೋಡಿದರೆ ಬಾಗಿಲಲ್ಲಿ ಯಜಮಾನರು!

"ಹ್ಮ್" ಎಂದರು. ಒಳಗೆ ಹೋದರು.

ಹೂಂಗುಟ್ಟಣ್ಣ ಗಿರಾಕಿಯ ಚಪ್ಪಲಿ ಎತ್ತಿ ಬದಿಗಿಟ್ಟ. ಸ್ಟೂಲು ಹೋಗಲಿ, ಇದ್ದ ಕುರ್ಚಿಗೂ ಸಂಚಕಾರ ಬಂತಲ್ಲ! ಇನ್ನು ಗೆಲ್ಲದೆ ಗತಿಯಿಲ್ಲ.

ಸಂಜೆ ಎಲ್ಲರೂ ಟೀವಿಯ ಮುಂದೆ ಸೇರಿದರು. ನಿಯಮ ಸುಲಭ. ಅರವತ್ತು ಸೆಕೆಂಡು. ಪೆಟ್ಟು ಬಿದ್ದಷ್ಟೂ ಸವೆಯುವ, ತಲೆಯ ಮೇಲಿನ ಹಸಿರು ಪಟ್ಟಿ ಯಾರದು ಹೆಚ್ಚು ಉಳಿಯುತ್ತದೋ ಅವರು ಗೆದ್ದಂತೆ. ಭಾಮೈದ ಗೂಳಿಯನ್ನು ಆರಿಸಿದ. ಹೂಂಗುಟ್ಟಣ್ಣನೂ ಗೂಳಿಯನ್ನೇ ಆರಿಸಿದ. ಹನ್ನೊಂದೇ ಸೆಕೆಂಡಿಗೆ ಹೂಂಗುಟ್ಟಣ್ಣನ ಗೂಳಿ ಕಾಲು ಮೇಲೆ ಮಾಡಿತು.

"ಭಾವ, ಪೆಟ್ಟಾಯ್ತಾ?" ಎಂದು ಭಾಮೈದ ಕೇಳಿದ. ಯಜಮಾನರು ಮಾತ್ರ ಯಾಕೋ ತೃಪ್ತಿಯಿಂದ ತಲೆದೂಗಿದರು.

ಪ್ಯಾಕಿಂಗ್ ಮಾಡುವ ಅಕ್ಕನದು ಮಾತು ಕಡಿಮೆ. ಮೂಲೆಯಲ್ಲಿ ಹಗ್ಗ ಬಿಗಿಯುತ್ತಲೇ ಎಲ್ಲವನ್ನೂ ನೋಡುವವಳು. ಹತ್ತಿರ ಬಂದು ಪಿಸುಗುಟ್ಟಿದಳು: "ಅಣ್ಣ, ನಿಮಗೆ ಹೊಡೆಯೋಕೆ ಬರಲ್ಲ. ಆದ್ರೆ ಹೊಡೆಸ್ಕೊಳ್ಳೋಕೆ ನಿಮ್ಮಂಥೋರು ಇನ್ನೊಬ್ಬರಿಲ್ಲ. ಕೋಲಜ್ಜನ್ನ ತಗೊಳ್ಳಿ. ಎದುರಿಗಿರೋದು ಗೂಳಿ ಅನ್ಕೋಬೇಡಿ. ಗಿರಾಕಿ ಅನ್ಕೊಳ್ಳಿ."

ಎರಡನೇ ಸುತ್ತು. ಕೋಲಜ್ಜ ಕೆಮ್ಮುತ್ತ ಬಂದು ನಿಂತ. ಭಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ.

ಹೂಂಗುಟ್ಟಣ್ಣ ಕಣ್ಣು ಕಿರಿದು ಮಾಡಿ ನೋಡಿದ. ಅರೆ, ಹೌದಲ್ಲ! ಬೈಯಲು ಬಂದ ಗಿರಾಕಿ ಮೊದಲು ಉಸಿರೆಳೆದುಕೊಳ್ಳುತ್ತಾನೆ, ಆಮೇಲೆ ಅವನ ಹೆಗಲು ಮೇಲೇಳುತ್ತದೆ, ಆಮೇಲೆ ಕೂಗು. ಗೂಳಿಯದೂ ಅದೇ ಕ್ರಮ. ಹೆಗಲು ಎದ್ದಿತು. ಕೋಲಜ್ಜ ಕೋಲು ಅಡ್ಡ ಹಿಡಿದ. ಗುದ್ದು ಬಿತ್ತು, ಏನೂ ಆಗಲಿಲ್ಲ. ಕೂಗಿ ಮುಗಿದ ಮೇಲೆ ಯಾರೇ ಆದರೂ ಒಂದು ಗಳಿಗೆ ಏದುಸಿರು ಬಿಡಲೇಬೇಕು. "ರಸೀದಿ ತಂದಿದ್ದೀರಾ?" ಎಂದು ಹೂಂಗುಟ್ಟಣ್ಣ ಎಂಟು ವರ್ಷದಿಂದ ಕೇಳುತ್ತಿದ್ದದ್ದು ಅದೇ ಗಳಿಗೆಯಲ್ಲಿ. ಈಗ ಕೋಲಜ್ಜ ಆ ಗಳಿಗೆಯಲ್ಲಿ ಗೂಳಿಯ ಮೊಣಕಾಲಿಗೆ ಟಕ್ ಎಂದು ಒಂದು ತಟ್ಟಿದ.

ಗುದ್ದು. ಅಡ್ಡ. ಟಕ್. ಗುದ್ದು. ಅಡ್ಡ. ಟಕ್.

"ಹೊಡೀರಿ ಭಾವ! ಗಂಡಸರ ಥರ ಹೊಡೀರಿ!" ಭಾಮೈದ ಬೆವೆತು ಕೂಗಿದ.

"ಹೂಂ" ಎಂದ ಹೂಂಗುಟ್ಟಣ್ಣ.

ಎರಡನೇ ಸುತ್ತು ಕೋಲಜ್ಜನದು. ಮೂರನೆಯದೂ ಅವನದೇ. ಸಿಟ್ಟಿನಲ್ಲಿ ಭಾಮೈದ ಒತ್ತಿದ ರಭಸಕ್ಕೆ ಗುಂಡಿಯೊಂದು ಕಿತ್ತು ಹಾರಿ ಮಾವನ ಚಹಾದಲ್ಲಿ ಬಿತ್ತು. ಮಾವ ಹೂಂಗುಟ್ಟಣ್ಣನನ್ನು ಎತ್ತಿ ಕುಣಿಸಿದರು. ಅವನ ಕಣ್ಣಲ್ಲಿ ನೀರೇ ಬಂತು. ಅಂಗಿಯ ತೋಳು ಮಡಚಿ ಸ್ಟೂಲಿನ ಕಡೆಗೆ ಹೆಜ್ಜೆ ಇಟ್ಟ.

"ಎಲ್ಲಿಗೆ?" ಎಂದರು ಯಜಮಾನರು. "ಅದು ನಿನ್ನ ಭಾಮೈದನಿಗೆ."

ಗೆದ್ದವನೂ ಸೋತವನೂ ಒಟ್ಟಿಗೇ ಬಾಯಿ ತೆರೆದರು.

"ಗೆದ್ದೋನಿಗೆ ಅಂತ ನಾನು ಯಾವಾಗ ಹೇಳಿದೆ? ನೋಡಿ ತೀರ್ಮಾನ ಮಾಡ್ತೀನಿ ಅಂದಿದ್ದೆ. ಒಳಗೆ ತುಕ್ಕು ಹಿಡಿದ ನಟ್ಟಿನ ಜೊತೆ ಗುದ್ದಾಡೋಕೆ ಇಂಥ ಗೂಳಿನೇ ಬೇಕು. ಇವನನ್ನ ಜನರ ಮುಂದೆ ಕೂರಿಸೋಕಾಗುತ್ತಾ? ಮಧ್ಯಾಹ್ನ ನೀನು ಟೇಬಲ್ ಗುದ್ದಿದ್ದು ನೋಡಿ, ನೀನೂ ಕೌಂಟರಿಗೆ ನಾಲಾಯಕ್ಕು, ನಿನ್ನನ್ನೇ ಒಳಗೆ ಹಾಕೋಣ ಅಂತಲೇ ಇದ್ದೆ. ಮೊದಲ ಸುತ್ತಲ್ಲಿ ನೀನೂ ಗೂಳಿನೇ ಹಿಡಿದದ್ದು ನೋಡಿ ಖಾತ್ರಿ ಮಾಡ್ಕೊಂಡೂ ಬಿಟ್ಟಿದ್ದೆ. ಆಮೇಲೆ ಕೋಲಜ್ಜ ಬಂದ ನೋಡು! ನಿನ್ನಂಥ ಗೋಡೇನ ಕಿತ್ತರೆ ಅಂಗಡಿ ಚಾವಣಿ ಉಳಿಯುತ್ತೇನಯ್ಯ? ನಾಳೆಯಿಂದ ಫೋನಿನ ದೂರುಗಳೂ ನಿನಗೇ."

ಪ್ಯಾಕಿಂಗ್ ಅಕ್ಕ ತಲೆ ಎತ್ತಲೇ ಇಲ್ಲ. ಕಟ್ಟಿದ ಪೆಟ್ಟಿಗೆಗೇ ಮತ್ತೊಂದು ಸುತ್ತು ಹಗ್ಗ ಕಟ್ಟಿದಳು.

ಭಾಮೈದ ಆಗಲೇ ಸ್ಟೂಲು ಏರಿ, ಎದುರುಮನೆಯ ಹೆಂಗಸಿನ ಮಿಕ್ಸಿಯನ್ನು ಬಿಗಿದು ಕೊಟ್ಟು ಕಳಿಸಿದ್ದ. ಹತ್ತು ನಿಮಿಷವೂ ಆಗಿರಲಿಲ್ಲ, ಆ ಮಿಕ್ಸಿ ಕೌಂಟರಿನ ಮೇಲೆ ದೊಪ್ಪೆಂದು ಬಂದು ಕೂತಿತು. ಅದರ ಹಿಡಿ ಬೇರೆ, ಮುಚ್ಚಳ ಬೇರೆ. ಹಿಂದೆ ಆ ಹೆಂಗಸು.

ಆಕೆ ಉಸಿರೆಳೆದುಕೊಂಡಳು. ಹೆಗಲು ಮೇಲೆದ್ದಿತು.

ಹೂಂಗುಟ್ಟಣ್ಣ ಪೆನ್ನನ್ನು ಅಡ್ಡ ಹಿಡಿದ.