ಅಕ್ಕೋರ ಉಂಗುರ

ನನ್ನ ಸಂಗತಿ ನನ್ನಲ್ಲೇ ಇರಲಿ ಎನ್ನುವ ಸ್ವಭಾವ ನನ್ನದು. ಇಂಥವರಿಂದ ಊರವರಿಗೆ ಕೆಲಸ ಹೆಚ್ಚು. ಪಾಪ, ಎಲ್ಲವನ್ನೂ ಅವರೇ ಕಲ್ಪಿಸಿಕೊಳ್ಳಬೇಕು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಅಕ್ಕಿಆಲೂರಿನ ಹುಡುಗಿಯರಿಗೆ ವಿಜ್ಞಾನ ಕಲಿಸಲು ನಾನು ಬಂದಿಳಿದ ವಾರದಲ್ಲೇ, ನನ್ನ ಟ್ರಂಕಿನಲ್ಲಿ ಎಷ್ಟು ಸೀರೆಗಳಿವೆ, ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತೇನೆ, ಇಷ್ಟು ಓದಿಯೂ ಮದುವೆ ಯಾಕಾಗಿಲ್ಲ ಎಂಬುದೆಲ್ಲ ಓಣಿಗೆ ತಿಳಿದಿತ್ತು. ಕೊನೆಯದು ನನಗೂ ಅಷ್ಟು ವಿವರವಾಗಿ ತಿಳಿದಿರಲಿಲ್ಲ.

ನಮ್ಮ ಶಾಲೆಯಲ್ಲಿ ಒಂದು ದುರ್ಬೀನು ಇತ್ತು. ಹೆಡ್‌ಮಾಸ್ತರರು ಅದನ್ನು ಕಪಾಟಿನಲ್ಲಿ ಕೆಂಪು ಮಖಮಲ್ಲು ಹೊದಿಸಿ ಇಟ್ಟಿದ್ದರು. ಇನ್‌ಸ್ಪೆಕ್ಟರು ಬಂದಾಗ ಬಟ್ಟೆ ಸರಿಸಿ ದರ್ಶನ ಮಾಡಿಸಿ ಮತ್ತೆ ಮುಚ್ಚುವುದು ಪದ್ಧತಿ. ಅದರೊಳಗಿಂದ ಏನನ್ನಾದರೂ ನೋಡಬಹುದೆಂಬ ವಿಚಾರ ಯಾರಿಗೂ ಬಂದಿರಲಿಲ್ಲ. ಎಂಬತ್ತನೇ ಇಸವಿಯ ಮಾರ್ಚಿನಲ್ಲಿ, ಕತ್ತಲಾಗುತ್ತಲೇ ಶನಿ ಗ್ರಹ ಅಕ್ಕಿ ಗಿರಣಿಯ ಮೇಲೆ ಏರುತ್ತಿತ್ತು. ಸೋಮವಾರ ಪಾಠ ಮುಗಿಸುತ್ತ ಹುಡುಗಿಯರಿಗೆ, "ಗುರುವಾರ ಸಂಜಿಗೆ ಬಯಲಿಗೆ ಬರ್ರಿ, ಉಂಗುರ ತೋರಸ್ತೇನಿ" ಎಂದೆ. ನಡೆದಿದ್ದದ್ದು ಶನಿಯದೇ ಪಾಠವಾದ್ದರಿಂದ 'ಶನಿಯ' ಎಂಬ ಒಂದು ಪದವನ್ನು ಉಳಿಸಿದ್ದೆ. ಮಿತವಾಗಿ ಮಾತಾಡುವವರು ಮಾಡುವ ತಪ್ಪು ಇಂಥದ್ದೇ.

ಮನೆಗಳಿಗೆ ತಲುಪಿದ ಸುದ್ದಿ, "ಅಕ್ಕೋರು ಉಂಗರ ತೋರಸ್ತಾರಂತ." ನಮ್ಮ ಕಡೆ ಟೀಚರೆಂದರೆ ಅಕ್ಕೋರು. ಮದುವೆಯಾಗದ ಅಕ್ಕೋರು ಉಂಗುರ ತೋರಿಸುತ್ತಾಳೆಂದರೆ ಅರ್ಥ ಒಂದೇ. ಮಂಗಳವಾರ ಬೆಳಗಾಗುವ ಹೊತ್ತಿಗೇ ವರನಿಗೆ ಸವಣೂರಿನಲ್ಲಿ ಎಲೆತೋಟವೂ ಒಂದು ಸ್ಕೂಟರೂ ಬಂದಿದ್ದವು. ನಾನಿದ್ದ ಮನೆಯ ಒಡತಿ ಗೌರಕ್ಕ ಇದನ್ನೆಲ್ಲ ಕಾರ್ಡಿನಲ್ಲಿ ಬರೆದು ಹಿರೇಕೆರೂರಿನಲ್ಲಿದ್ದ ನನ್ನ ಅವ್ವನಿಗೆ ಹಾಕಿಬಿಟ್ಟಿದ್ದಳು.

ಗುರುವಾರ ಹೆಡ್‌ಮಾಸ್ತರರಿಂದ ದುರ್ಬೀನು ಹೊರಗೆ ತೆಗೆಸಿ ಬಯಲಿಗೆ ಹೋದರೆ, ಅಲ್ಲಿ ಹುಡುಗಿಯರಿಗಿಂತ ಅವರ ತಾಯಂದಿರೇ ಹೆಚ್ಚು. ಕುಂಕುಮದ ತಟ್ಟೆ, ಉಡಿ ತುಂಬಲು ಖಣ, ತೆಂಗಿನಕಾಯಿ. ಎಲ್ಲರ ಹಿಂದೆ, ಬಸ್ಸಿನ ಧೂಳು ಕೂಡ ಒರೆಸಿಕೊಳ್ಳದ ಅವ್ವ. ಅವಳು ನೇರವಾಗಿ ನನ್ನ ಬೆರಳು ನೋಡಿದಳು.

"ನನಗೂ ಹೇಳಲಾರದ ಲಗ್ನ ಗೊತ್ತು ಮಾಡ್ಕೊಂಡೀ? ಅಷ್ಟು ದೂರದಾಕಿ ಆದ್ನೇನವಾ ನಾ?"

ಅವಳ ಕಣ್ಣಲ್ಲಿ ನೀರಿತ್ತು. ನಾನು ಖಾಲಿ ಕೈಗಳೆರಡನ್ನೂ ಚಾಚಿ, "ಆಕಾಶದಾಗಿನ ಶನಿ ಉಂಗುರ, ಅವ್ವ. ಈಗ ನೀನ ನೋಡೀಯಂತ" ಎಂದೆ. ಇನ್ನು ಅವ್ವನ ಮುಂದೆ ನನ್ನ ಮಾತು ಉಳಿಯುವುದು ಆ ಗ್ರಹದ ಕೈಯಲ್ಲಿತ್ತು.

ಶನಿಯೆಂದ ಕೂಡಲೇ ತಟ್ಟೆಗಳೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿದವು. ಗೌರಕ್ಕ, "ನಮಗ ಅಂವ ಹತ್ತಿರ ಕಂಡ್ರ ಅವಗೂ ನಾವು ಹತ್ತಿರ ಕಾಣ್ತೇವಲ್ರೀ ಅಕ್ಕೋರ" ಎಂದಳು. ಈ ಪ್ರಶ್ನೆ ನಮ್ಮ ಪಠ್ಯಕ್ರಮದಲ್ಲಿರಲಿಲ್ಲ. ದುರ್ಬೀನಿಗೆ ಕಣ್ಣಿಟ್ಟೆ. ಒಂದು ಹಳದಿ ಗುಂಡು, ಅಷ್ಟೇ. ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದೆ. ಈಗ ಸ್ವಚ್ಛವಾದ ಹಳದಿ ಗುಂಡು.

ಆಗ ಶನಿಯ ಸಾಡೇಸಾತಿ ಕಾಟ ನಡೆದಿದ್ದ ಹೆಡ್‌ಮಾಸ್ತರರು ಹುದ್ದೆಯ ಗೌರವಕ್ಕಾಗಿ ಮುಂದೆ ಬಂದರು. ದೃಷ್ಟಿ ತಾಗದಂತೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಒಂದು ನಿಮಿಷ ಬಗ್ಗಿ ನಿಂತು, "ಭಾಳ ಛಲೋ ಕಾಣ್ತೈತಿ. ಉಂಗರಂತೂ ಲಕಲಕ ಅಂತೈತಿ" ಎಂದು ಘೋಷಿಸಿದರು.

ನನಗೆ ಆಗ ನೆನಪಾಯಿತು. ಹದಿನಾಲ್ಕು ಹದಿನೈದು ವರ್ಷಕ್ಕೊಮ್ಮೆ ಆ ಉಂಗುರದ ಅಂಚು ನೇರ ನಮ್ಮ ಕಡೆ ತಿರುಗಿ, ಅದು ಕಾಣದಂತಾಗುತ್ತದೆ. ಇದು ಅದೇ ವರ್ಷ. ಪುಸ್ತಕದಲ್ಲಿ ಚಿತ್ರದ ಕೆಳಗೇ ಬರೆದಿತ್ತು. ನಾನು ಚಿತ್ರ ನೋಡಿ ಮುಚ್ಚಿದ್ದೆ. ಪರೀಕ್ಷೆಯಲ್ಲಿ ಇದಕ್ಕಾಗಿಯೇ ಹುಡುಗಿಯರ ಅಂಕ ಕಳೆಯುವವಳು ನಾನು.

ಗೌರಕ್ಕನ ತಟ್ಟೆಯನ್ನೇ ತೆಗೆದುಕೊಂಡು ಎಲ್ಲರ ಕಣ್ಣಿನ ಮಟ್ಟಕ್ಕೆ ಹಿಡಿದೆ. "ನೋಡ್ರಿ, ಈಗ ಬರೇ ಅಂಚು ಕಾಣ್ತೈತಿ. ಉಂಗುರಾನೂ ಹಂಗ ತಿರುಗೇತಿ. ಕಾಣೂದಿಲ್ಲ ಅಂದ್ರ ಇಲ್ಲ ಅಂತಲ್ಲ."

"ಅಂದ್ರ ಮ್ಯಾಲೂ ಉಂಗರಿಲ್ಲ, ಕೆಳಗೂ ಉಂಗರಿಲ್ಲ" ಎಂದಳು ಗೌರಕ್ಕ. "ತಟ್ಟಿ ಕೊಡ್ರಿ, ಕುಂಕುಮ ಚೆಲ್ಲತೈತಿ."

ತಂದ ಕಾಯಿ ವ್ಯರ್ಥವಾಗಬಾರದೆಂದು ಹೆಡ್‌ಮಾಸ್ತರರು ದುರ್ಬೀನಿಗೇ ಒಡೆಸಿದರು. ಗಾಜಿಗೆ ಸರಿಯಾಗಿ ನಡುವೆ ಕುಂಕುಮವಿಟ್ಟು ಮಖಮಲ್ಲು ಹೊದಿಸಿದರು. ಅವ್ವ ಮಾತ್ರ ಹೆದರದೆ, ಕುಂಕುಮ ಬೀಳುವ ಮುಂಚೆಯೇ ಬಹಳ ಹೊತ್ತು ನೋಡಿದ್ದಳು.

ಮರುದಿನ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಲು ಹೋದೆ. ಕಿಟಕಿಯಲ್ಲಿ ಕೂತು ಕೇಳಿದಳು: "ಕಾಣೂದಿಲ್ಲ ಅಂದ್ರ ಇಲ್ಲ ಅಂತಲ್ಲ ಅಂದೆಲ್ಲವಾ. ಅದು ಶನಿದಷ್ಟನೋ, ನಿಂದೂ ಹೌದೋ?"

ನಾನು ಕಂಡಕ್ಟರನ ಕಡೆ ನೋಡಿದೆ. ಟ್ರಂಕಿನ ತಳದಲ್ಲಿ, ಉಣ್ಣೆಯ ಕಾಲುಚೀಲದೊಳಗೆ, ಸಂಕ್ರಾಂತಿಯಿಂದ ಒಂದು ಉಂಗುರವಿತ್ತು. ಕೊಟ್ಟವರು ಶಿಗ್ಗಾವಿಯ ಗಣಿತದ ಮಾಸ್ತರು. ಜಾತಿ ಬೇರೆ, ಹಾಗಾಗಿ ಕಾಲುಚೀಲ. ಇಷ್ಟು ಹೊತ್ತು ನಾನು ಆಡಿಕೊಂಡ ಊರು ತಪ್ಪಿದ್ದು ಮೂರೇ ಕಡೆ: ಸವಣೂರಲ್ಲ, ಶಿಗ್ಗಾವಿ; ಎಲೆತೋಟವಲ್ಲ, ಗಣಿತ; ಸ್ಕೂಟರಲ್ಲ, ಸೈಕಲ್ಲು.

"ಬರೂ ವರ್ಷ ಕಾಣ್ತೈತಿ, ಅವ್ವ" ಎಂದೆ. ಯಾರದು ಎಂಬ ಒಂದು ಪದವನ್ನು ಆಗಲೂ ಉಳಿಸಿಕೊಂಡೆ.